ನಮ್ಮ ಭಾವ ಹೊಸ ಕೀಲನ್ನು ಉಳಿಸಿದ ಬಗೆ

ನಮ್ಮ ಭಾವ ದೇವರಾಜ ಅವರು ಹೊಸ ಕೊಡೆಯನ್ನು ಕಂಕುಳಲ್ಲಿಟ್ಟುಕೊಂಡು ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಮನೆಗೆ ಬಂದದ್ದನ್ನು ಆಲ್ದೂರಿನ ಅರ್ಧ ಊರು ನೋಡಿದೆ. ಕೇಳಿದವರಿಗೆಲ್ಲ ಅವರದು ಒಂದೇ ಉತ್ತರ. "ಹೊಸ ಕೊಡೆ ಮಾರಾಯ, ನೆಂದ್ರೆ ಹಾಳಾಗುತ್ತೆ." ಎಸ್ಟೇಟಿನ ಸಾಹುಕಾರರು ದೀಪಾವಳಿಗೆಂದು ಕೊಟ್ಟ ಟಾರ್ಚು ಹದಿನಾರು ವರ್ಷದಿಂದ ಡಬ್ಬದಲ್ಲೇ ಇದೆ. ಕರೆಂಟು ಹೋದಾಗ ಆ ಡಬ್ಬವನ್ನು ಬೀರುವಿನಲ್ಲಿ ಸರಿಯಾಗಿಟ್ಟಿದ್ದೇವೆಯೇ ಎಂದು ಭಾವ ಮೇಣದಬತ್ತಿ ಹಚ್ಚಿಕೊಂಡು ನೋಡುತ್ತಾರೆ.

ಇದು ಜಿಪುಣತನ ಎಂದು ತಿಳಿಯಬಾರದು. ಇದು ವೃತ್ತಿ. ಮೂವತ್ತೊಂದು ವರ್ಷ ಅವರು ಎಸ್ಟೇಟಿನಲ್ಲಿ ಲೆಕ್ಕ, ಹಾಜರಿ ಬರೆಯುವ ರೈಟರ್ ಆಗಿದ್ದರು. ಸ್ಟೋರಿನ ಬೀಗದ ಕೈ ಅವರ ಸೊಂಟದಲ್ಲೇ ಇರುತ್ತಿತ್ತು. ಸವೆದ ಕತ್ತಿಯ ತುಂಡನ್ನು ತಂದು ಮೇಜಿನ ಮೇಲಿಡದೆ ಯಾವ ಆಳಿಗೂ ಅಲ್ಲಿ ಹೊಸ ಕತ್ತಿ ಸಿಕ್ಕಿದ್ದಿಲ್ಲ. ತಂದಿಟ್ಟವರಿಗೂ ಮೊದಲು ಸಿಗುತ್ತಿದ್ದದ್ದು, "ಇನ್ನೂ ಒಂದು ತಿಂಗಳು ಬರುತ್ತಲ್ಲೋ ಇದು" ಎಂಬ ಮಾತು.

ಹೀಗೆ ಲೋಕದ ಯಾವ ವಸ್ತುವನ್ನೂ ಸವೆಯಲು ಬಿಡದಿದ್ದ ಮನುಷ್ಯನ ಎಡಗಡೆಯ ಸೊಂಟದ ಕೀಲೇ ಸವೆದುಹೋಯಿತು. ಮೂವತ್ತೊಂದು ವರ್ಷ ಕಾಫಿ ತೋಟದ ಏರು ಇಳಿಜಾರಿನಲ್ಲಿ ನಡೆದಾಗ ಅದನ್ನು ಡಬ್ಬದಲ್ಲಿಡುವ ಉಪಾಯ ಅವರಿಗೆ ಹೊಳೆದಿರಲಿಲ್ಲ. ನಾಲ್ಕು ವರ್ಷ ಕುಂಟಿದರು. ಬರಬರುತ್ತಾ ಮನೆಯಿಂದ ಬಸ್ ಸ್ಟ್ಯಾಂಡಿಗೆ ಹೋಗುವುದರಲ್ಲಿ ಮೂರು ಕಡೆ ಕೂರಬೇಕಾಯಿತು. ನನ್ನ ಅಕ್ಕ ರಂಗಮ್ಮನಿಗೆ ಲೋಕದಲ್ಲಿದ್ದದ್ದು ಒಂದೇ ಆಸೆ, ಸಂಜೆ ಹೊತ್ತು ಗಂಡನ ಜೊತೆಯಲ್ಲಿ ರಸ್ತೆಯ ಕೊನೆಯವರೆಗೆ ಹೋಗಿ ಬರುವುದು. ಅದೂ ನಿಂತುಹೋಯಿತು.

ಎರಡು ಸಾವಿರದ ಮೂರನೇ ಇಸವಿಯ ಆಗಸ್ಟ್ ಕೊನೆಯಲ್ಲಿ ನಾನು, ಅಕ್ಕ ಇಬ್ಬರೂ ಸೇರಿ ಅವರನ್ನು ವ್ಯಾನಿನಲ್ಲಿ ಮಲಗಿಸಿ ಚಾರ್ಮಾಡಿ ಘಾಟಿ ಇಳಿಸಿ ಮಂಗಳೂರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನಾನು ಆಲ್ದೂರಿನಲ್ಲೇ ಮೇಷ್ಟ್ರು, ರಜೆ ಹಾಕಿದ್ದೆ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ವಿವರಿಸಿದರು. ತೊಡೆಯ ಮೂಳೆಯ ತುದಿ ಚೆಂಡಿನ ಹಾಗೆ ಗುಂಡಗಿರುತ್ತದೆ, ಅದು ಸೊಂಟದ ಬಟ್ಟಲಿನಲ್ಲಿ ಕೂತು ತಿರುಗುತ್ತದೆ, ನಡುವಿನ ನುಣುಪು ಪದರ ಸವೆದುಹೋಗಿ ಈಗ ಮೂಳೆಗೆ ಮೂಳೆ ಉಜ್ಜುತ್ತಿದೆ. ಚೆಂಡನ್ನೂ ಬಟ್ಟಲನ್ನೂ ತೆಗೆದು ಹೊಸದು ಹಾಕಬೇಕು.

ಭಾವ ಎಕ್ಸ್‌ರೇಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇನ್ನೂ ಒಂದು ವರ್ಷ ಬರುತ್ತೇನೋ ನೋಡಿ ಸಾರ್."

"ಇವರನ್ನ ಕೇಳ್ಬೇಡಿ ಡಾಕ್ಟ್ರೆ" ಎಂದಳು ಅಕ್ಕ. "ಇವರನ್ನ ಕೇಳಿದ್ರೆ ಸ್ಮಶಾನಕ್ಕೂ ಹಳೇದರಲ್ಲೇ ಹೋಗ್ತಾರೆ. ನೀವು ಹಾಕಿ."

ಹಾಕಿದರು. ಮಾರನೆಯ ದಿನ ಡಾಕ್ಟರು ರೌಂಡಿಗೆ ಬಂದಾಗ, ನೋವು ಹೇಗಿದೆ ಎಂದು ಅವರು ಕೇಳುವ ಮೊದಲೇ ಭಾವ ಕೇಳಿದರು, "ಹಳೇದೆಲ್ಲಿ ಸಾರ್?"

"ಯಾವುದು?"

"ನನ್ನ ಹಳೇ ಕೀಲು. ಹಳೇದನ್ನ ಜಮಾ ಮಾಡ್ಕೊಳ್ದೆ ಹೊಸದನ್ನ ಹ್ಯಾಗೆ ಇಶ್ಯೂ ಮಾಡಿದ್ರಿ? ನಾಳೆ ಯಾರಾದ್ರೂ ಬಂದು ಕೇಳಿದ್ರೆ?"

ಡಾಕ್ಟರು ನನ್ನ ಮುಖ ನೋಡಿದರು. ನಾನು ಕಿಟಕಿಯಾಚೆ ನೋಡಿದೆ. ಅದನ್ನು ನಿಯಮದ ಪ್ರಕಾರ ಸುಟ್ಟುಹಾಕುತ್ತಾರೆ ಎಂದು ಅವರು ತಿಳಿಸಿದಾಗ ಭಾವನಿಗೆ ಆ ಆಸ್ಪತ್ರೆಯ ಆಡಳಿತದ ಬಗ್ಗೆ ಇದ್ದ ಗೌರವ ಒಂದು ಮೆಟ್ಟಿಲು ಇಳಿಯಿತು.

ಆಮೇಲೆ ವ್ಯಾಯಾಮ ಮಾಡಿಸುವ ಹುಡುಗಿ ವರ್ಷಿಣಿ ಬಂದಳು. ನಗುಮುಖದ, ಆದರೆ ಮಾತು ಬಿಟ್ಟುಕೊಡದ ಹುಡುಗಿ. "ಅಂಕಲ್, ವಾಕರ್ ಹಿಡ್ಕೊಂಡು ಎದ್ದು ನಿಲ್ಲಿ."

ಭಾವನಿಗೆ ಗಾಬರಿಯಾಯಿತು. "ಒಳಗೆ ಸಿಮೆಂಟ್ ಹಾಕಿ ಕೂರಿಸಿದೀವಿ ಅಂದ್ರಲ್ಲಮ್ಮ ಡಾಕ್ಟ್ರು. ನಿನ್ನೆ ಹಾಕಿದ ಸಿಮೆಂಟಿನ ಮೇಲೆ ಇವತ್ತು ಓಡಾಡ್ತಾರಾ? ಕಾಫಿ ಒಣಗಿಸೋ ಕಣಕ್ಕೆ ಸಿಮೆಂಟ್ ಹಾಕಿದ್ರೆ ಇಪ್ಪತ್ತೊಂದು ದಿನ ನೀರು ಕಟ್ತಿದ್ವಿ ನಾವು. ನಾಯೀನೂ ಹತ್ತಕ್ಕೆ ಬಿಡ್ತಿರ್ಲಿಲ್ಲ."

"ಇದು ಹತ್ತು ಹದಿನೈದು ನಿಮಿಷಕ್ಕೆ ಗಟ್ಟಿಯಾಗೋ ಸಿಮೆಂಟು ಅಂಕಲ್."

"ಅಂಥಾ ಸಿಮೆಂಟು ಇದ್ರೆ ನಮ್ಮ ಸಾಹುಕಾರ್ರು ತರಿಸ್ತಿದ್ರು" ಎಂದು ಭಾವ ಕಣ್ಣು ಮುಚ್ಚಿದರು. ಆದರೂ ವರ್ಷಿಣಿ ಅವರನ್ನು ಎಬ್ಬಿಸಿ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಸಿಯೇ ಬಿಟ್ಟಳು.

ಮನೆಗೆ ಕಳಿಸುವ ದಿನ ಡಾಕ್ಟರು ಎಲ್ಲವನ್ನೂ ಬಿಡಿಸಿ ಹೇಳಿದರು. ನೆಲದ ಮೇಲೆ ಕೂರಬಾರದು, ಚಕ್ಕಲಮಕ್ಕಲ ಹಾಕಬಾರದು, ಕುಕ್ಕರಗಾಲಿನಲ್ಲಿ ಕೂರಬಾರದು, ಬಗ್ಗಿ ಚಪ್ಪಲಿ ತೆಗೆದುಕೊಳ್ಳಬಾರದು, ಮಲಗುವಾಗ ಕಾಲುಗಳ ನಡುವೆ ದಿಂಬು ಇರಲಿ. ದಿನಕ್ಕೆ ಐದಾರು ಸಲ ನಡೆಯಬೇಕು, ದಿನದಿಂದ ದಿನಕ್ಕೆ ದೂರ ಹೆಚ್ಚಿಸಬೇಕು. "ಆರು ವಾರಕ್ಕೆ ತೋರಿಸೋಕೆ ಬರ್ತೀರಲ್ಲ, ಆಗ ವಾಕರ್ ಬಿಟ್ಟು ಕೋಲಿನಲ್ಲಿ ನಡ್ಕೊಂಡು ಒಳಗೆ ಬರಬೇಕು. ನಡೀದೆ ಕೂತ್ರೆ ತೊಡೆಯ ಶಕ್ತಿಯೆಲ್ಲ ಇಳಿದುಹೋಗುತ್ತೆ. ಆಮೇಲೆ ಕೀಲು ಎಷ್ಟು ಚೆನ್ನಾಗಿದ್ರೂ ಕುರ್ಚಿಯೇ ಗತಿ."

ಅಕ್ಕ ಪ್ರತಿ ಮಾತಿಗೂ ತಲೆ ಆಡಿಸಿದಳು. ಭಾವ ಕೇಳಿದ್ದು ಒಂದೇ ಪ್ರಶ್ನೆ. "ಬಾಳಿಕೆ ಎಷ್ಟು ಸಾರ್ ಇದು?"

"ಚೆನ್ನಾಗಿ ನೋಡ್ಕೊಂಡ್ರೆ ಹದಿನೈದು ವರ್ಷಕ್ಕೆ ಮೋಸವಿಲ್ಲ."

ಚೆನ್ನಾಗಿ ನೋಡಿಕೊಳ್ಳುವುದು ಎಂದರೇನು ಎಂಬುದನ್ನು ನಮ್ಮ ಭಾವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ವ್ಯಾನು ಘಾಟಿ ಹತ್ತಿ ಕೊಟ್ಟಿಗೆಹಾರ ತಲುಪುವ ಹೊತ್ತಿಗೆ ಅವರ ಲೆಕ್ಕಾಚಾರ ಮುಗಿದಿತ್ತು. "ನೋಡು ಮಾರಾಯ, ಎಲ್ಲರ ಹಾಗೆ ನಡೆದ್ರೆ ಹದಿನೈದು ವರ್ಷ. ಅರ್ಧ ನಡೆದ್ರೆ ಮೂವತ್ತು. ಕಾಲು ಭಾಗ ನಡೆದ್ರೆ ಅರವತ್ತು. ನನಗೀಗ ಅರವತ್ತೆರಡು. ನೂರಾ ಇಪ್ಪತ್ತೆರಡನೇ ವಯಸ್ಸಿನವರೆಗೆ ಕೀಲಿನ ಚಿಂತೆ ಇಲ್ಲ."

ಮನೆಯಲ್ಲಿ ಕುರ್ಚಿಯೊಂದರ ಕಾಲುಗಳಿಗೆ ಮರದ ತುಂಡು ಕೊಟ್ಟು ಎತ್ತರ ಮಾಡಿಸಿ ಹಾಲಿನಲ್ಲಿಟ್ಟೆವು. ಅದರ ಮೇಲೆ ಕೂತ ಭಾವ ಪಂಚಾಯಿತಿ ಮಾಡುವ ಪಟೇಲರಂತೆ ಕಾಣುತ್ತಿದ್ದರು. ಕೆಲಸವೂ ಹಾಗೇ ನಡೆಯಿತು. ಕೂತಲ್ಲಿಂದಲೇ, "ರಂಗೂ, ಕನ್ನಡಕ." "ರಂಗೂ, ಪೇಪರು." "ರಂಗೂ, ಆ ಕಿಟಕಿ ಸ್ವಲ್ಪ ಮುಚ್ಚು." ಐದು ನಿಮಿಷ ಬಿಟ್ಟು, "ರಂಗೂ, ಸೆಕೆ." ಹಳೆಯ ಹಾಜರಿ ಪುಸ್ತಕವೊಂದನ್ನು ತೆಗೆದು ಬಲಗಾಲು, ಎಡಗಾಲು ಎಂದು ಎರಡು ಸಾಲು ಎಳೆದರು. ಬಲಗಾಲಿಗೆ ದಿನವೂ ಪೂರ್ತಿ ಹಾಜರಿ. ಹೊಸ ಕೀಲಿನ ಎಡಗಾಲಿಗೆ ಅರ್ಧ ದಿನ, ಭಾನುವಾರ ರಜ.

ನಾನು ದಿನಾ ಸಂಜೆ ಶಾಲೆಯಿಂದ ನೇರ ಅಲ್ಲಿಗೆ ಹೋಗಿ, "ಭಾವ, ನಡೀರಿ, ಬಾಗಿಲವರೆಗೆ" ಎನ್ನುತ್ತಿದ್ದೆ. ಅವರು ಹಾಜರಿ ಪುಸ್ತಕ ತೋರಿಸುತ್ತಿದ್ದರು. ಮೂವತ್ತು ವರ್ಷ ಮಕ್ಕಳ ಹಾಜರಿ ಬರೆದ ನನಗೆ, ಬರೆದಿಟ್ಟ ಹಾಜರಿಯ ಮುಂದೆ ವಾದ ಮಾಡುವುದು ಗೊತ್ತಿರಲಿಲ್ಲ.

ಆಲ್ದೂರಿನಲ್ಲಿ ಇಂಥ ಆಪರೇಷನ್ ಅದೇ ಮೊದಲು. ಊರವರೆಲ್ಲ ನೋಡಲು ಬಂದರು. ಪಕ್ಕದ ಮನೆಯ ರಿಟೈರ್ಡ್ ಪೋಸ್ಟ್ ಮಾಸ್ಟರ್ ಓಂಕಾರಪ್ಪನವರು ಬಂದು ಬಾಗಿಲ ಹತ್ತಿರದ ಬೆಂಚಿನಲ್ಲೇ ಕೂತರು. ಒಳಗೆ ಬನ್ನಿ ಎಂದರೂ ಬರಲಿಲ್ಲ.

"ಉತ್ತರೆ ಮಳೆ ಶುರುವಾಗ್ತಿದೆ, ದೇವರಾಜಣ್ಣ. ಗುಡುಗು ಸಿಡ್ಲು. ಗುಡುಗೋವಾಗ ಕತ್ತಿ ಗುದ್ದಲಿ ದೂರ ಇಡು ಅಂತ ನಮ್ಮಪ್ಪ ಹೇಳ್ತಿದ್ರು. ನೀವು ಕಬ್ಬಿಣನ ಮೈಯೊಳಗೇ ಇಟ್ಕೊಂಡಿದೀರಿ. ತಪ್ಪು ತಿಳೀಬೇಡಿ, ನಾನು ಇಲ್ಲೇ ಕೂರ್ತೀನಿ."

ಅದನ್ನು ಕೇಳಿದ ಮೇಲೆ ಮೋಡ ಕಟ್ಟಿದಾಗಲೆಲ್ಲ ಭಾವ ಎಡಗಾಲಿನ ಮೇಲೆ ಒಣ ಕಂಬಳಿ ಹೊದ್ದು ಕೂರತೊಡಗಿದರು. ಕಂಬಳಿ ತಂದು ಕೊಡುವವಳು, ಮೋಡ ಸರಿದ ಮೇಲೆ ಮಡಿಸಿಡುವವಳು ಅಕ್ಕ.

ಮೂರನೇ ವಾರ ಮೂಡಿಗೆರೆಯಿಂದ ಚಿಕ್ಕಯ್ಯ ಬಂದ. ನಮ್ಮ ದೊಡ್ಡಪ್ಪನ ಮಗ, ರೇಡಿಯೋ ರಿಪೇರಿ ಅಂಗಡಿ ಇಟ್ಟವನು, ಲೋಕದ ಯಾವುದನ್ನೂ ಪರೀಕ್ಷೆ ಮಾಡದೆ ನಂಬದವನು. ಜೇಬಿನಿಂದ ಸ್ಪೀಕರಿನ ಅಯಸ್ಕಾಂತ ತೆಗೆದು, "ಭಾವ, ಒಂದ್ನಿಮಿಷ" ಎಂದು ಅವರ ಎಡ ಸೊಂಟಕ್ಕೆ ಹಿಡಿದ. ಬಿಟ್ಟ. ಅಯಸ್ಕಾಂತ ಟಪ್ಪನೆ ನೆಲಕ್ಕೆ ಬಿತ್ತು. ಮತ್ತೆ ಹಿಡಿದ. ಮತ್ತೆ ಬಿತ್ತು.

ಚಿಕ್ಕಯ್ಯನ ಮುಖ ಸಣ್ಣಗಾಯಿತು. "ಕಬ್ಬಿಣ ಇಲ್ಲ ಭಾವ ಇದರಲ್ಲಿ. ನಿಮಗೆ ಪ್ಲಾಸ್ಟಿಕ್ ಹಾಕಿ ಕಳಿಸಿದಾರೆ."

ಓಂಕಾರಪ್ಪನವರು ಬೆಂಚಿನಿಂದ ಎದ್ದು ಮೊದಲ ಬಾರಿಗೆ ಹತ್ತಿರ ಬಂದರು. ಪ್ಲಾಸ್ಟಿಕ್ಕಿಗೆ ಸಿಡಿಲಿನ ಭಯವಿಲ್ಲವಲ್ಲ. ಭಾವ ಮಾತ್ರ ಬೆವರಿದರು. ಮಂಗಳೂರಿಗೆ ಫೋನ್ ಹಚ್ಚಿದ್ದು ನಾನು. ಪಾಪ, ಡಾಕ್ಟರು ತಾಳ್ಮೆಯಿಂದ ಹೇಳಿದರು. ತೊಡೆಮೂಳೆಯೊಳಗೆ ಕೂರಿಸಿದ್ದು ಟೈಟೇನಿಯಂ, ಅದಕ್ಕೆ ಅಯಸ್ಕಾಂತ ಅಂಟುವುದಿಲ್ಲ. ಬಟ್ಟಲಿನ ಒಳಮೈ ಗಟ್ಟಿ ಪ್ಲಾಸ್ಟಿಕ್, ಚೆಂಡು ನುಣ್ಣಗೆ ಜಾರಲಿ ಎಂದು. ವಿಮಾನಕ್ಕೆ ಹಾಕುವ ಜಾತಿಯ ಲೋಹ ಅದು, ನಿಶ್ಚಿಂತೆಯಿಂದಿರಲು ಹೇಳಿ ಎಂದರು.

ನಾನು ಅದನ್ನು ಭಾವನಿಗೆ ಹೇಳಲೇಬಾರದಿತ್ತು. ಹೇಳಿದೆ.

"ವಿಮಾನದ್ದಾ!" ಎಂದರು ಭಾವ. ಆ ಕ್ಷಣದಿಂದ ಎಡಗಾಲಿಗೆ ಅರ್ಧ ದಿನದ ಹಾಜರಿಯೂ ಹೋಗಿ ಕಾಲು ದಿನ ಆಯಿತು. ವಿಮಾನದ ಸಾಮಾನನ್ನು ಬಚ್ಚಲಿಗೆ ಹೋಗಲು ಬಳಸುವುದು ಅವರ ಮನಸ್ಸಿಗೆ ಒಗ್ಗಲಿಲ್ಲ. ನೋಡಲು ಬಂದವರಿಗೆ ಅವರು ಕೂತಲ್ಲೇ ಉಪನ್ಯಾಸ ಕೊಡತೊಡಗಿದರು. ಚೆಂಡು, ಬಟ್ಟಲು, ಸಿಮೆಂಟು, ವಿಮಾನ. ಸ್ವಂತ ಸೊಂಟ ಗಟ್ಟಿಯಿದ್ದವರಿಗೂ ಒಂದು ಬಗೆಯ ಅಸೂಯೆ ಹುಟ್ಟುವಂತಿತ್ತು ಆ ವರ್ಣನೆ.

ಐದನೇ ವಾರದ ಒಂದು ಸಂಜೆ ನಾನು ಹೋದಾಗ ಅಕ್ಕ ಅಡಿಗೆಮನೆಯಲ್ಲಿ ರವಿಕೆಯ ಅಳತೆ ತೆಗೆಯುವ ಟೇಪನ್ನು ಕೈಗೆ ಸುತ್ತಿಕೊಂಡು ನಿಂತಿದ್ದಳು.

"ಇವರು ನಿದ್ದೆ ಹೋಗಿದ್ದಾಗ ಅಳತೆ ತೆಗೆದೆ ಕಣೋ" ಎಂದಳು ಮೆಲ್ಲಗೆ. "ಬಲತೊಡೆಗಿಂತ ಎಡತೊಡೆ ಎರಡು ಬೆರಳು ಸಣ್ಣಗಾಗಿದೆ. ಡಾಕ್ಟ್ರು ಹೇಳಿದ್ದು ಇದನ್ನೇ ಅಲ್ವೇನೋ?"

"ಹೌದು" ಎಂದೆ. ಡಾಕ್ಟರು ಹೇಳಿದ ಆರು ವಾರಕ್ಕೆ ಇನ್ನು ಎಂಟು ದಿನವಿತ್ತು. ಅಲ್ಲಿಯವರೆಗೆ ನಗುತ್ತಿದ್ದ ನನಗೆ ಅವತ್ತು ನಿಜವಾಗಿ ಹೆದರಿಕೆಯಾಯಿತು. ಮನುಷ್ಯ ಕುರ್ಚಿಯಲ್ಲೇ ಉಳಿದುಬಿಟ್ಟರೆ ನಮ್ಮ ಅಕ್ಕನ ಗತಿಯೇನು? ಅವಳು ಮಾತಾಡುವಾಗ ಒಂದು ಕೈ ಅಡಿಗೆಕಟ್ಟೆ ಹಿಡಿದು ಕಾಲು ಬದಲಿಸಿ ಬದಲಿಸಿ ನಿಲ್ಲುತ್ತಿದ್ದಳು. "ಏನಕ್ಕ ಮಂಡಿ ನೋವಾ?" ಎಂದೆ. "ಎಂಥದ್ದೂ ಇಲ್ಲ" ಎನ್ನುವಷ್ಟರಲ್ಲಿ ಹಾಲಿನಿಂದ "ರಂಗೂ" ಎಂದು ಕೇಳಿಸಿ ಅವಳು ಹೋದಳು.

ಆಯುಧಪೂಜೆ ಬಂತು.

ಕೆಂಚಯ್ಯ ಎಸ್ಟೇಟಿನ ಹಳೆಯ ಮೇಸ್ತ್ರಿ. ಭಾವ ರೈಟರಾಗಿದ್ದಷ್ಟು ಕಾಲವೂ ಸ್ಟೋರಿನ ಆಯುಧಪೂಜೆ ಅವನದೇ. ಕತ್ತಿ, ಗುದ್ದಲಿ, ಔಷಧಿ ಹೊಡೆಯುವ ಪಂಪು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರು, ಜೀಪು, ಯಾವುದನ್ನೂ ಬಿಡುತ್ತಿರಲಿಲ್ಲ. ಅವತ್ತು ಬೆಳಿಗ್ಗೆ ಅವನು ಒಂದು ಬುಟ್ಟಿ ಚೆಂಡುಹೂ, ಬೂದುಗುಂಬಳಕಾಯಿ, ನಿಂಬೆಹಣ್ಣು ಹಿಡಿದು ಆಲ್ದೂರಿಗೇ ಬಂದುಬಿಟ್ಟ.

"ರೈಟ್ರೇ, ವಿಮಾನದ ಸಾಮಾನು ಮನೆಗೆ ಬಂದು ಮೊದಲ್ನೇ ಆಯುಧಪೂಜೆ. ಬಿಡೋಕಾಯ್ತದಾ?"

ಸುದ್ದಿ ಹರಡಿ ಹಾಲಿನ ತುಂಬ ಜನವಾದರು. ಓಂಕಾರಪ್ಪನವರು ಶಾಲು ಹೊದ್ದು ಮುಂದೆ ಕೂತರು. ಚಿಕ್ಕಯ್ಯ ಕ್ಯಾಮರಾ ತಂದಿದ್ದ. ಕೆಂಚಯ್ಯ ಕುರ್ಚಿಗೆ ಹಾರ ಹಾಕಿದ, ವಾಕರಿಗೆ ಹಾರ ಹಾಕಿದ, ಭಾವನ ಎಡ ಸೊಂಟದ ಮೇಲೆ ಪಂಚೆಗೆ ಕುಂಕುಮವಿಟ್ಟು ಹೂವಿಟ್ಟು ಮಂಗಳಾರತಿ ಎತ್ತಿದ. ಭಾವ ಮದುವೆ ದಿನ ಕೂತದ್ದಕ್ಕಿಂತ ಗಂಭೀರವಾಗಿ ಕೂತಿದ್ದರು ಎಂದು ಮದುವೆ ನೋಡಿದ್ದ ನಾನು ಹೇಳಬಲ್ಲೆ. ಬಾಗಿಲಲ್ಲಿ ಕುಂಬಳಕಾಯಿ ಒಡೆದದ್ದಾಯಿತು.

ಆಗ ಭಾವ ಗಂಟಲು ಸರಿಮಾಡಿಕೊಂಡು ಸಭೆಗೆ ತಿಳಿಸಿದರು. "ಪೂಜೆಗಿಟ್ಟ ಆಯುಧನ ನಾಳೆ ವಿಜಯದಶಮಿವರೆಗೆ ಬಳಸೋ ಹಾಗಿಲ್ಲ. ಆದ್ದರಿಂದ ಇವತ್ತು ಎಡಗಾಲಿಗೆ ಪೂರ್ತಿ ರಜ." ಎಲ್ಲರೂ ಹೌದು ಹೌದು ಎಂದು ತಲೆ ಆಡಿಸಿದರು. ಶಾಸ್ತ್ರ ಶಾಸ್ತ್ರವೇ. "ರಂಗೂ, ಎಲ್ಲರಿಗೂ ಕಾಫಿ ಬರ್ಲಿ!"

ಕಾಫಿ ಬರಲಿಲ್ಲ.

"ರಂಗೂ!"

ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಕಡುಬು, ಕೋಸಂಬರಿ ಎಂದು ಓಡಾಡುತ್ತಿದ್ದ ಅಕ್ಕ ಒಳಗಿನಿಂದ ಬಂದಳು. ಕೈಯಲ್ಲಿ ಕಾಫಿಯಿರಲಿಲ್ಲ. ಕುಂಕುಮದ ಬಟ್ಟಲಿತ್ತು. ಕೆಂಚಯ್ಯನ ಬುಟ್ಟಿಯಿಂದ ಎರಡು ಚೆಂಡುಹೂ ಆರಿಸಿಕೊಂಡು, ನಡುವಿನ ಬೆಂಚಿನ ಮೇಲೆ ಕೂತು, ಸೀರೆಯ ಮೇಲೆಯೇ ಎರಡು ಮಂಡಿಗೂ ಕುಂಕುಮವಿಟ್ಟು ಒಂದೊಂದು ಹೂವಿಟ್ಟಳು.

"ಕೆಂಚಯ್ಯ, ಇವಕ್ಕೂ ಒಂದು ಆರತಿ ಎತ್ತು."

ಕೆಂಚಯ್ಯ ಪೂಜೆಯ ವಿಷಯದಲ್ಲಿ ಪ್ರಶ್ನೆ ಕೇಳುವವನಲ್ಲ. ಕರ್ಪೂರ ಹಚ್ಚಿ ಭಕ್ತಿಯಿಂದ ಬಲಮಂಡಿಗೊಮ್ಮೆ ಎಡಮಂಡಿಗೊಮ್ಮೆ ಆರತಿ ಎತ್ತಿದ.

"ಆಯ್ತಲ್ಲ" ಎಂದಳು ಅಕ್ಕ, ಸೆರಗು ಸರಿಮಾಡಿಕೊಂಡು. "ಇನ್ನು ನಾಳೆವರೆಗೆ ಬಳಸೋ ಹಾಗಿಲ್ಲ."

ಭಾವನ ಬಾಯಿ ತೆರೆದುಕೊಂಡಿತು. "ಅದ್ಹೇಗೆ? ನಂದು ಲೋಹ. ನಿಂದು ಬರೀ ಮೂಳೆ. ಮೂಳೆಗೆಲ್ಲ ಆಯುಧಪೂಜೆ ಇಲ್ಲ. ಕೆಂಚಯ್ಯ, ಹೇಳೋ."

ಎಲ್ಲರೂ ಕೆಂಚಯ್ಯನ ಕಡೆ ತಿರುಗಿದರು. ಅವನು ಆರತಿ ತಟ್ಟೆಯನ್ನು ಕೆಳಗಿಟ್ಟ.

"ನೇಗ್ಲು ಮರದ್ದು, ಅದಕ್ಕೂ ಪೂಜೆ ಮಾಡ್ತೀವಿ ರೈಟ್ರೇ. ಮೊರ, ಬುಟ್ಟಿ ಬಿದಿರಿನವು, ಅವಕ್ಕೂ ಮಾಡ್ತೀವಿ. ದುಡಿದಿದ್ದಕ್ಕೆಲ್ಲ ಪೂಜೆ. ಅಮ್ಮೋರ ಮಂಡಿ ದುಡಿದಿರೋದು ಊರಿಗೇ ಗೊತ್ತು." ತಲೆ ಕೆರೆದುಕೊಂಡ. "ನಂಗೀಗ ಅನುಮಾನ ಆಗ್ತಿರೋದು ನಿಮ್ದರ ಮೇಲೆ. ಅದು ಬಂದು ಐದು ವಾರ ಆಯ್ತು, ಇನ್ನೂ ಒಂದು ದಿನಾನೂ ದುಡಿದೇ ಇಲ್ವಲ್ಲ. ದುಡೀದೇ ಇರೋದಕ್ಕೆ ಪೂಜೆ ಮಾಡ್ಬಿಟ್ನಲ್ಲಾ ಅಂತ."

ಓಂಕಾರಪ್ಪನವರು, "ಪಾಯಿಂಟು" ಎಂದರು. ಆಮೇಲೆ ಎದ್ದು, "ಬಿಡೀಮ್ಮ, ನಮ್ಮ ಮನೆಯಿಂದ ಕಾಫಿ ತರಿಸ್ತೀನಿ" ಎಂದರು.

"ನೀವು ಕೂತ್ಕೊಳಿ" ಎಂದಳು ಅಕ್ಕ. ಓಂಕಾರಪ್ಪನವರು ಕೂತರು. ನಾನೂ ಏಳಲು ಹೊರಟವನು ಅವಳ ಕಣ್ಣು ನೋಡಿ ಕೂತೆ.

ಭಾವ ಒಮ್ಮೆ ಅಕ್ಕನ ಮಂಡಿಯ ಮೇಲಿನ ಹೂ ನೋಡಿದರು. ಆ ಮಂಡಿಗಳು ಊದಿಕೊಂಡಿದ್ದವು. ಸೀರೆಯ ಮೇಲಿಂದಲೂ ಗೊತ್ತಾಗುತ್ತಿತ್ತು. ಅವರು ಅದನ್ನು ನೋಡಿದ್ದು ಅದೇ ಮೊದಲಿರಬೇಕು. ತುಂಬಾ ಹೊತ್ತು ನೋಡಿದರು. ವಾಕರಿನ ಕಡೆ ಕೈ ಚಾಚಿದವರು ಅದಕ್ಕೆ ಹಾರ ಹಾಕಿರುವುದು ಕಂಡು ಕೈ ಹಿಂದಕ್ಕೆ ತೆಗೆದುಕೊಂಡರು. "ಆ ಮೂಲೇಲಿರೋ ನನ್ನ ಹಳೇ ಕೋಲು ಕೊಡು ಮಾರಾಯ" ಎಂದರು ನನಗೆ.

ಎದ್ದು ನಿಂತರು. ಸೊಂಟದ ಮೇಲಿದ್ದ ಹೂ ಉದುರಿತು. ನಾನು ಹಿಂದೆಯೇ ಕೈ ಚಾಚಿಕೊಂಡು ಹೊರಟೆ. ಒಂದು ಹೆಜ್ಜೆ. ಎರಡು. ಹಾಲಿನಿಂದ ಅಡಿಗೆಮನೆಗೆ ಇಪ್ಪತ್ತನಾಲ್ಕು ಹೆಜ್ಜೆ. ಚಿಕ್ಕಯ್ಯ ಗಟ್ಟಿಯಾಗಿ ಎಣಿಸುತ್ತಿದ್ದ, ಕೆಂಚಯ್ಯ ಬಾಯಲ್ಲೇ ಯಾವುದೋ ದೇವರನ್ನು ಕರೆಯುತ್ತಿದ್ದ. ಹನ್ನೊಂದನೆಯ ಹೆಜ್ಜೆಗೆ ಭಾವ ನಿಂತರು.

"ನೋವೇ ಇಲ್ವಲ್ಲೋ!"

"ಇರೋದಿಲ್ಲ ಅಂತ್ಲೇ ಹಾಕಿಸಿದ್ದು ಭಾವ."

ಅಡಿಗೆಮನೆಯ ಬಾಗಿಲು ದಾಟಿ ಜನರ ಕಣ್ಣಿಂದ ಮರೆಯಾದ ಮೇಲೆ ಅವರು ಗೋಡೆಗೆ ಒರಗಿ, ನನಗೊಬ್ಬನಿಗೇ ಕೇಳುವ ಹಾಗೆ ಹೇಳಿದರು. "ಬಿದ್ಬಿಟ್ರೆ ಅಂತ ಹೆದರ್ಕೆ ಇತ್ತು ಕಣೋ. ಮುರ್ಕೊಂಡ್ರೆ ಪಾಪ ಇವಳೇ ಮಾಡ್ಬೇಕಲ್ಲ ಅಂತ. ಕೂತಿದ್ರೂ ಅವಳೇ ಮಾಡ್ತಿದ್ಲು ಅನ್ನೋದು ನೋಡು, ನನ್ನ ತಲೆಗೇ ಹೋಗ್ಲಿಲ್ಲ." ಮೂವತ್ತು ವರ್ಷದಲ್ಲಿ ಭಾವ ತಮ್ಮ ಲೆಕ್ಕ ತಪ್ಪಿತು ಎಂದು ಒಪ್ಪಿಕೊಂಡದ್ದನ್ನು ನಾನು ಕೇಳಿರಲಿಲ್ಲ. ನನಗೆ ಅವರ ಮೇಲೆ ಇದ್ದ ಸಿಟ್ಟೆಲ್ಲ ಅಲ್ಲಿಗೇ ಇಳಿದುಹೋಯಿತು.

ಕಾಫಿ ಸೀಮೆಯಲ್ಲಿ ಜೀವನ ಕಳೆದ ಮನುಷ್ಯನಿಗೆ ಕಾಫಿ ಮಾಡಲು ಬರುತ್ತಿರಲಿಲ್ಲ. ಹಾಲು ಎಲ್ಲಿದೆ, ಡಿಕಾಕ್ಷನ್ ಯಾವ ಪಾತ್ರೆಯಲ್ಲಿದೆ, ಒಂದೂ ಗೊತ್ತಿಲ್ಲ. ನಾನು ಹೇಳಲು ಬಾಯಿ ತೆರೆದರೆ "ಸುಮ್ನಿರು" ಎಂದರು. ಅಂತೂ ಒಂದು ಲೋಟ ಸಿದ್ಧವಾಯಿತು. ಒಂದು ಕೈಯಲ್ಲಿ ಕೋಲಿದ್ದುದರಿಂದ ಒಂದು ಸಲಕ್ಕೆ ಒಂದೇ ಲೋಟ. ಮೊದಲನೆಯದನ್ನು ಅರ್ಧ ತುಂಬಿಸಿ, ಇಪ್ಪತ್ತನಾಲ್ಕು ಹೆಜ್ಜೆ ನಡೆದು ಬಂದು, ಅಕ್ಕನ ಕೈಗೆ ಕೊಟ್ಟು ನಿಂತರು.

ಅಕ್ಕ ಒಂದು ಗುಟುಕು ಕುಡಿದು ಅತ್ತ ಇತ್ತ ನೋಡಿದಳು. "ಸಕ್ಕರೆ ಹಾಕಿಲ್ಲ ಅನ್ಸುತ್ತೆ."

"ಅಯ್ಯೋ, ತರ್ತೀನಿ ಇರು" ಎಂದು ಭಾವ ಕೋಲೂರಿಕೊಂಡು ಮತ್ತೆ ಅಡಿಗೆಮನೆಯ ಕಡೆ ತಿರುಗಿದರು. ಈ ಸಲ ಹೆಜ್ಜೆ ಸ್ವಲ್ಪ ಚುರುಕಾಗಿತ್ತು.

ನಾನು ಅಕ್ಕನ ಕಿವಿಯ ಹತ್ತಿರ ಬಗ್ಗಿದೆ. "ಅಕ್ಕ, ನಿನಗೆ ಸಕ್ಕರೆ ಕಾಯಿಲೆ. ಆರು ವರ್ಷದಿಂದ ನೀನು ಸಕ್ಕರೆ ಹಾಕ್ಕೊಳೋದೇ ಇಲ್ವಲ್ಲ."

"ಸುಮ್ನಿರೋ" ಎಂದಳು ಅಕ್ಕ, ಭಾವನ ಬೆನ್ನಿನಿಂದ ಕಣ್ಣು ತೆಗೆಯದೆ. "ನಡೀತಾ ಇದಾರೆ, ನೋಡೋಣ."